ಉಡುಪುಗಳು ಸಡಿಲವಾಗುವ ಕೋಣೆ

ಹಸಿವನ್ನೂ ತೃಪ್ತಿಯನ್ನೂ ಒಂದೇ ಒಡಲಿನಲ್ಲಿ ನೆರೆಹೊರೆಯಾಗಿ ಇರಿಸಿದವನು ಯಾವನೋ, ಬೀಜವನ್ನು ಮರವಾಗಿಸುವುದಕ್ಕೆ ಎಂದೂ ಅವಸರಪಡದವನು ಯಾವನೋ, ಮರೆಯಲ್ಲಿ ನಡೆದುದನ್ನು ಬೆಳಕಿಗೆ ತರುವುದನ್ನು ಎಂದೂ ಮರೆಯದವನು ಯಾವನೋ, ಆ ಅಂತರ್ಯಾಮಿಗೆ ಕೈಮುಗಿದು ಕಥೆಯನ್ನು ಹೇಳತೊಡಗುತ್ತೇನೆ. ಇದು ಅವಸರದಿಂದ ಕೆಟ್ಟವರ ಕಥೆ. ಹೇಳುವ ನಾಲಗೆಗಾದರೂ ಅವನು ತಾಳ್ಮೆಯನ್ನು ದಯಪಾಲಿಸಲಿ.

“ಆದ್ರೂ ಸಣ್ಣ ಆಗಿದ್ದಳಲ್ಲೋ ಗುಂಡ! ಅದನ್ನ ಮಾತ್ರ ನೀನು ಇಲ್ಲ ಅನ್ನೋ ಹಾಗಿಲ್ಲ.”

ಆಸ್ಪತ್ರೆಯ ಮೇಲಂತಸ್ತಿನ ಪಡಸಾಲೆಯಲ್ಲಿ ಅಣ್ಣ ಈ ಮಾತನ್ನು ಮತ್ತೊಮ್ಮೆ ಹೇಳಿದಾಗ, ತಮ್ಮನಾದ ಪತ್ತೇದಾರನಿಗೆ ಗೋಡೆಗೆ ತಲೆ ಚಚ್ಚಬೇಕೆನಿಸಿತು. ಯಾರ ತಲೆಯನ್ನು ಚಚ್ಚುವುದೆಂಬುದೊಂದೇ ಪ್ರಶ್ನೆಯಾಗಿತ್ತು. ಅರೆತೆರೆದ ಬಾಗಿಲಿನ ಆಚೆ ಅತ್ತಿಗೆ ಮಲಗಿದ್ದಳು. ತೂಕ ಇಳಿಸುತ್ತದೆಂದು ನಂಬಿ, ಊರವರು ತೂಕದಮ್ಮ ಎಂದು ಕರೆಯುವವಳೊಬ್ಬಳ ನೀಲಿ ಸೀಸೆಯ ಹನಿಗಳನ್ನು ಕುಡಿಯುತ್ತ ಬಂದು, ಮೊನ್ನೆ ಅಡುಗೆಮನೆಯಲ್ಲಿ ಕುಸಿದುಬಿದ್ದಿದ್ದ ಆಕೆಯ ಎದೆಬಡಿತ ಇನ್ನೂ ಲಯಕ್ಕೆ ಬಂದಿರಲಿಲ್ಲ.

“ಹೌದಣ್ಣ, ಸಣ್ಣ ಆಗಿದ್ದಳು. ಇನ್ನು ಸ್ವಲ್ಪ ದಿನ ಹೋಗಿದ್ರೆ ಪೂರ್ತಿ ಇಲ್ಲವಾಗ್ತಿದ್ದಳು. ಅದಕ್ಕಿಂತ ಸಣ್ಣ ಇನ್ನೇನಿದೆ?”

ಅಣ್ಣ ಕನ್ನಡಕದ ಅಂಗಡಿಯವನು. ಇಡೀ ಬೀದಿಗೆ ದೃಷ್ಟಿ ತಿದ್ದುವ ಮನುಷ್ಯ, ತನ್ನ ಮನೆಯಾಕೆ ಕಣ್ಣೆದುರೇ ಬಾಡುತ್ತಿದ್ದುದನ್ನು ಕಂಡು ಚಪ್ಪಾಳೆ ತಟ್ಟಿದ್ದ. ಈಗ ತನ್ನದೇ ಕನ್ನಡಕವನ್ನು ತೆಗೆದು ಅಂಗಿಯ ಅಂಚಿನಿಂದ ಉಜ್ಜತೊಡಗಿದ. ಗಾಜು ಹೊಳೆದ ಮೇಲೂ ಉಜ್ಜುತ್ತಲೇ ಇದ್ದ.

ಅಷ್ಟರಲ್ಲಿ ವೈದ್ಯೆ ಒಳಗಿನಿಂದ ಬಂದಳು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ರಕ್ತಪರೀಕ್ಷೆಯ ಹಾಳೆ.

“ಪೊಟ್ಯಾಸಿಯಂ ಮತ್ತೆ ಇಳಿದಿದೆ. ನಾವು ನರದಲ್ಲಿ ತುಂಬಿಸ್ತಾ ಇದೀವಿ, ಅದು ಸೋರಿಹೋಗ್ತಾ ಇದೆ. ಆ ಹನೀಲಿ ಮೂತ್ರ ಹೆಚ್ಚಿಸೋ ಮಾತ್ರೆ ಪುಡಿಮಾಡಿ ಬೆರೆಸಿದಾರೆ, ಅದರಲ್ಲಿ ಅನುಮಾನ ಇಲ್ಲ. ಇಲ್ಲಿಗೆ ಬಂದ ಮೇಲೆ ಕುಡಿದಿಲ್ಲ ತಾನೆ?”

“ಇಲ್ಲ ಡಾಕ್ಟ್ರೇ, ದೇವರಾಣೆ ಇಲ್ಲ,” ಎಂದ ಅಣ್ಣ.

“ಹಾಗಾದ್ರೆ ಯಾಕೆ ಇಳೀತಿದೆ? ಒಂದೋ ಹಳೇದು ಮೈಯಲ್ಲಿ ಇನ್ನೂ ಕೆಲಸ ಮಾಡ್ತಿದೆ, ಇಲ್ಲ ಯಾರೋ ಹೊಸದಾಗಿ ಕೊಡ್ತಿದಾರೆ. ಇನ್ನೊಂದು ಸಲ ಹೀಗಾದ್ರೆ ಹೃದಯ ನಿಂತುಹೋಗಬಹುದು. ಮಧ್ಯಾಹ್ನ ಹಾಸಿಗೆ, ದಿಂಬು, ಕಪಾಟು ಎಲ್ಲ ಹುಡುಕಿಸ್ತೀನಿ. ಯಾರೂ ಬೇಜಾರು ಮಾಡ್ಕೋಬೇಡಿ.”

ಆಕೆ ಈ ಮಾತುಗಳನ್ನು ಒಳಗಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಬೇಕೆಂದೇ ಹೇಳಿದಳು.

“ಒಂದು ಪ್ರಶ್ನೆ,” ಎಂದ ಪತ್ತೇದಾರ. “ಅತ್ತಿಗೆ ತುಂಬಾ ಸಣ್ಣ ಆಗಿದಾರೆ ಅಂತ ಇವನ ಹಾಡು. ನಿಜವಾಗ್ಲೂ ಎಷ್ಟು ಇಳಿದಿದಾರೆ?”

ವೈದ್ಯೆ ನಕ್ಕಳು. ಆ ನಗುವಿನಲ್ಲಿ ಸಂತೋಷದ ಲವಲೇಶವೂ ಇರಲಿಲ್ಲ. “ಹೋದ ವರ್ಷ ಇಲ್ಲೇ ಪರೀಕ್ಷೆಗೆ ಬಂದಿದ್ದರು. ಆಗಿನ ತೂಕ, ಈಗಿನ ತೂಕ ಹೆಚ್ಚುಕಮ್ಮಿ ಒಂದೇ. ಕಮ್ಮಿಯಾಗಿರೋ ಚೂರೂ ಬರೀ ನೀರು. ಕೊಬ್ಬು ಕೂತಲ್ಲೇ ಕೂತಿದೆ, ಪಾಪ. ಅದನ್ನ ಯಾರೂ ಮಾತಾಡಿಸೇ ಇಲ್ಲ.”

“ಆಗೋದೇ ಇಲ್ಲ!” ಅಣ್ಣ ಎದ್ದುನಿಂತ. “ತೂಕದಮ್ಮನ ಕೋಣೇಲಿ ನಾನೇ ಕಣ್ಣಾರೆ ನೋಡಿದೀನಿ. ಸೇರೋ ದಿನ ಬಿಗಿದು ಕಟ್ಟಿದ ಹಾಗಿದ್ದ ಉಡುಪು, ಹೋದವಾರ ಸೊಂಟದಲ್ಲಿ ನನ್ನ ಕೈ ತೂರೋಷ್ಟು ಸಡಿಲ! ಅದೇ ಉಡುಪು, ಅದೇ ಬಣ್ಣ, ಅದೇ ಗುಂಡಿ!”

ಪತ್ತೇದಾರ ಆ ಮಾತನ್ನು ಮನಸ್ಸಿನಲ್ಲಿ ಅತ್ತಿತ್ತ ಹೊರಳಿಸಿ ನೋಡಿದ. ದೇಹ ಕರಗಿಲ್ಲ, ಉಡುಪು ಸಡಿಲವಾಗಿದೆ. ಹಾಗಾದರೆ ಹಿಗ್ಗಿದ್ದು ಯಾವುದು?

“ಅಲ್ಲೇ ನಿಂತ್ಕೊಳ್ಳಿ, ಅಲ್ಲಾಡಬೇಡಿ.”

ಹಿಂದಿನಿಂದ ಬಂದ ದನಿ ಪತ್ತೇದಾರನ ಹೆಂಡತಿಯದು. ಒಂದು ಕೈಯಲ್ಲಿ ಸೂಪಿನ ಫ್ಲಾಸ್ಕು, ಇನ್ನೊಂದರಲ್ಲಿ ಎಂದಿನ ಹೊಲಿಗೆಯ ಚೀಲ. ಆಕೆ ಮನೆಯ ಕಿಟಕಿಯ ಬಳಿ ಯಂತ್ರವಿಟ್ಟುಕೊಂಡು ಊರವರ ಬಟ್ಟೆಗಳನ್ನು ಬಿಗಿ ಮಾಡುವವಳು, ಸಡಿಲ ಮಾಡುವವಳು, ಹರಿದುದನ್ನು ಹರಿದಿಲ್ಲವೆಂಬಂತೆ ಕೂಡಿಸುವವಳು. ಗಂಡನ ಕೋಟಿನ ತೋಳು ಕಂಕುಳ ಬಳಿ ಬಿಟ್ಟುಕೊಂಡಿದ್ದುದು ಆಕೆಯ ಕಣ್ಣಿಗೆ ಮೊದಲು ಬಿದ್ದಿತ್ತು.

“ಇಲ್ಲಿ ಪ್ರಾಣ ಹೋಗ್ತಿದೆ, ನಿನಗೆ ಕೋಟು!”

“ತೋಳು ಕಿತ್ತುಹೋದ ಪತ್ತೇದಾರನಿಗೆ ಯಾರು ರೀ ಉತ್ತರ ಹೇಳ್ತಾರೆ? ಕೈ ಎತ್ತಿ. ಮೆಟ್ಟಿಲು ಹತ್ತಿ ಬಂದ್ರಾ, ಲಿಫ್ಟಾ?”

“ಮೆಟ್ಟಿಲು ಕಣೇ ತಾಯಿ, ಮೆಟ್ಟಿಲು.”

“ಬೆಳಿಗ್ಗೆ ಏನು ತಿಂದ್ರಿ?”

“ನೀನು ಇಟ್ಟಿದ್ದೇ.”

“ಅದರ ಮೇಲೆ?”

ಪತ್ತೇದಾರ ಬಾಯಂಚನ್ನು ಒರೆಸಿಕೊಂಡ. ಸೂಜಿ ಆಗಲೇ ಓಡುತ್ತಿತ್ತು. ಹೊಲಿಗೆ ಮುಗಿದಲ್ಲಿ ಆಕೆ ದಾರವನ್ನು ಒಮ್ಮೆ ಹಿಂದಕ್ಕೆ ತಂದು, ಅದರ ಮೇಲೆ ಎಳ್ಳುಕಾಳಿನಷ್ಟು ಸಣ್ಣದೊಂದು ಅಡ್ಡಕತ್ತರಿಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು. ಆ ಗಂಟು ಆಕೆಯ ಕೈಯ ಚಾಳಿ. ಹೊಲಿಗೆ ಕಲಿಸಿದ ಗುರುವೂ ಬೈದು ಬಿಡಿಸಲಾರದೆ ಸೋತಿದ್ದರು. “ಬಟ್ಟೆ ಮಣ್ಣಾದ್ರೂ ನಿನ್ನ ಗಂಟು ಉಳಿಯುತ್ತೆ,” ಎಂದು ಗಂಡ ಆಗಾಗ ಛೇಡಿಸುವುದುಂಟು.

ಆ ಕೋಟಿಗೆ ಇನ್ನೊಂದು ಕಥೆಯಿತ್ತು. ಪತ್ತೇದಾರ ತೂಕ ಇಳಿಸಲು ಹಿಂದೆ ಪಡದ ಪಾಡಿಲ್ಲ. ಬರೀ ಎಲೆಕೋಸಿನ ನೀರು ಕುಡಿದು ನೆರೆಮನೆಯವರೊಡನೆ ಜಗಳ ಕಾದಿದ್ದ. ಸೊಂಟಕ್ಕೆ ನಡುಗುವ ಪಟ್ಟಿ ಕಟ್ಟಿಕೊಂಡು ಹಲ್ಲು ಕಟಕಟ ಅನ್ನಿಸಿಕೊಂಡಿದ್ದ. ಪ್ರತಿಸಲವೂ ಹೋದ ಕೊಬ್ಬು ತನ್ನ ಬಂಧುಬಳಗವನ್ನೂ ಕಟ್ಟಿಕೊಂಡು ಮರಳಿತ್ತು. ಕೊನೆಗೆ ಹೆಂಡತಿ ಅವನ್ನೆಲ್ಲ ಗುಡಿಸಿ ಹೊರಗೆ ಹಾಕಿ, ತಟ್ಟೆಯನ್ನು ಚಿಕ್ಕದು ಮಾಡಿ, ಅದರ ಅರ್ಧದಷ್ಟು ತರಕಾರಿ ತುಂಬಿಸಿ, ರಾತ್ರಿ ಊಟದ ಮೇಲೆ ತಾನೂ ಜೊತೆಗೂಡಿ ನಡೆಸಿ, ಹೊತ್ತಿಗೆ ಸರಿಯಾಗಿ ದೀಪ ಆರಿಸುವ ಪದ್ಧತಿ ತಂದಿದ್ದಳು. ಯಾವ ಪವಾಡವೂ ನಡೆಯಲಿಲ್ಲ. ಆದರೆ ಋತುಗಳು ಉರುಳಿದಂತೆ ಆಕೆ ಆ ಕೋಟನ್ನು ಒಳಗಡೆಯಿಂದ ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಬಂದಿದ್ದಳು.

“ನಾನು ಅಕ್ಕನ ಹತ್ರ ಕೂತಿರ್ತೀನಿ. ನೀವು ಹೋಗಿ ಆ ತೂಕದಮ್ಮನ್ನ ನೋಡ್ಕೊಂಡು ಬನ್ನಿ,” ಎಂದಳು. ಕ್ಷಣ ತಡೆದು, “ಜಾಸ್ತಿ ಕೂಗಾಡಬೇಡಿ,” ಎಂದೂ ಸೇರಿಸಿದಳು.

ಆ ಕ್ಷಣದ ತಡೆಯನ್ನು ಪತ್ತೇದಾರ ಗಮನಿಸಲಿಲ್ಲ. ಮೈಯೆಲ್ಲ ಕಣ್ಣಾಗಿರಬೇಕಾದ ವೃತ್ತಿಯವನು, ಕಟ್ಟಿಕೊಂಡವಳ ವಿಷಯದಲ್ಲಿ ಕಣ್ಣುಮುಚ್ಚಿ ಬದುಕುವುದನ್ನೇ ನೆಮ್ಮದಿಯೆಂದು ತಿಳಿದಿದ್ದ.

ತೂಕದಮ್ಮನ ಕೋಣೆ ಬೀಗದ ಅಂಗಡಿಯೊಂದರ ಮೇಲುಗಡೆ ಇತ್ತು. ಮೊದಲನೆಯ ಅಂತಸ್ತಿಗೆ ಹೋಗಲು ಲಿಫ್ಟಿನ ಮುಂದೆ ತೂಕ ಇಳಿಸಿಕೊಳ್ಳಲು ಬಂದವರ ಸಾಲು ನಿಂತಿತ್ತು. ಪಕ್ಕದಲ್ಲೇ ಮೆಟ್ಟಿಲುಗಳು ಅನಾಥವಾಗಿ ಬಿದ್ದಿದ್ದವು. ಪತ್ತೇದಾರ ಆ ಸಾಲನ್ನೂ ಮೆಟ್ಟಿಲುಗಳನ್ನೂ ನೋಡಿ, ನಿಟ್ಟುಸಿರುಬಿಟ್ಟು ಹತ್ತಿಹೋದ.

ಕೋಣೆಯಲ್ಲಿ ತೂಕದ ಯಂತ್ರವೇ ಇರಲಿಲ್ಲ. ಒಂದು ಗೋಡೆಗೆ ಆಳೆತ್ತರದ ಕನ್ನಡಿ. ಅದನ್ನು ಕೊಂಚ ಓರೆಯಾಗಿ ನಿಲ್ಲಿಸಿದ್ದರಿಂದ ಎದುರು ನಿಂತವರು ಉದ್ದವಾಗಿಯೂ ತೆಳ್ಳಗಾಗಿಯೂ ಕಾಣುತ್ತಿದ್ದರು. ಇನ್ನೊಂದು ಗೋಡೆಯುದ್ದಕ್ಕೆ ಕಬ್ಬಿಣದ ಸರಳು, ಅದರಲ್ಲಿ ತೂಗುಹಾಕಿದ ಬಣ್ಣಬಣ್ಣದ ಉಡುಪುಗಳು. ಇದು ಅಲ್ಲಿಯ ಕಟ್ಟಳೆ. ಸೇರುವವರು ತಮಗೆ ಬಿಗಿಯಾದ ಉಡುಪೊಂದನ್ನು ತಂದು ಅಲ್ಲೇ ಬಿಟ್ಟುಹೋಗಬೇಕು. ಮನೆಗೆ ಒಯ್ಯುವಂತಿಲ್ಲ. ವಾರವಾರ ಬಂದು ತೊಟ್ಟು ನೋಡಬೇಕು.

ಕನ್ನಡಿಯ ಮುಂದೆ ಬ್ಯಾಂಕಿನ ಅಧಿಕಾರಿಣಿಯೊಬ್ಬಳು ತನ್ನ ಹಸಿರು ಉಡುಪಿನ ಸೊಂಟವನ್ನು ಎರಡು ಬೆರಳಿನಲ್ಲಿ ಹಿಡಿದೆಳೆದು ಹಿಗ್ಗುತ್ತಿದ್ದಳು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಒಮ್ಮೆಲೇ “ಹಾ!” ಎಂದು ಮೀನಖಂಡ ಹಿಡಿದುಕೊಂಡು ಕುರ್ಚಿಗೆ ಒರಗಿದಳು.

“ಸೆಳೆತಾನಾ?” ಎಂದು ಕೇಳಿದ ಪತ್ತೇದಾರ. “ಬಾಯಾರಿಕೆ, ತಲೆಸುತ್ತು, ಎದೆ ಢವಢವ ಇದೆಯಾ? ದಯವಿಟ್ಟು ಆ ಹನಿ ಬಿಟ್ಟು ಈಗಲೇ ಆಸ್ಪತ್ರೆಗೆ ಹೋಗಿ.”

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ, ನಡುವೆ ಹೊಟ್ಟೆಯ ಬಳಿ ಕೊಂಚ ಹೆಚ್ಚು ಹೊತ್ತು, ಅಳೆದು ನೋಡಿದಳು.

“ನೀವೇನು ಕಡ್ಡಿ ಹಾಗಿದೀರಾ, ನನಗೆ ಬುದ್ಧಿ ಹೇಳೋಕೆ?”

“ಅಮ್ಮಾ, ನಾನು ದಪ್ಪ ಇದೀನಿ, ಒಪ್ಪಿದೆ. ಆದ್ರೆ ನಿಂತಿದೀನಿ. ನೀವು ಬೀಳ್ತಾ ಇದೀರ.”

“ಕೊಬ್ಬು ಹೊರಗೆ ಹೋಗುವಾಗ ಸೆಳೆತ ಬರುತ್ತಂತೆ. ತೂಕದಮ್ಮನೇ ಹೇಳಿದಾರೆ,” ಎಂದು ಆಕೆ ಕುಂಟುತ್ತ ಹೋದಳು. ಈ ಲೋಕವನ್ನು ರಕ್ಷಿಸಲು ಹೊರಟವನಿಗೆ ಮೊದಲು ಬೇಕಾದದ್ದು ಬುದ್ಧಿಯಲ್ಲ, ರಕ್ತದೊತ್ತಡದ ಮಾತ್ರೆ ಎಂದು ಪತ್ತೇದಾರನಿಗೆ ಅನ್ನಿಸಿತು.

ಒಳಕೋಣೆಯ ಪರದೆ ಸರಿಸಿ ತೂಕದಮ್ಮ ಬಂದಳು. ಹುಟ್ಟಿನಿಂದಲೇ ಬಳ್ಳಿಯಂಥ ಮೈಕಟ್ಟು. ಆ ಮೈಯೇ ಆಕೆಯ ಜಾಹೀರಾತು.

“ಕೂತ್ಕೊಳ್ಳಿ ಸರ್. ನಿಮಗೆ ತಡವಾಗಿದೆ ಅಂತ ಅಂದ್ಕೋಬೇಡಿ. ನಿಮಗಿಂತ—”

“ನನಗಾಗಿ ಬಂದಿಲ್ಲ. ಕನ್ನಡಕದಂಗಡಿಯವರ ಮನೆಯವರ ಉಡುಪು ಎಲ್ಲಿ?”

ಆಕೆಯ ನಗು ಹೋಗಲಿಲ್ಲ, ಗಟ್ಟಿಯಾಯಿತು. ಸರಳಿನಿಂದ ಕೆಂಪು ಉಡುಪೊಂದನ್ನು ತೆಗೆದು ಅವನ ಕೈಗೇ ಇತ್ತಳು. “ನೋಡ್ಕೊಳ್ಳಿ. ತೂಕದ ಯಂತ್ರ ಸುಳ್ಳು ಹೇಳಬಹುದು, ಡಾಕ್ಟರು ಸುಳ್ಳು ಹೇಳಬಹುದು. ಬಟ್ಟೆ ಹೇಳಲ್ಲ.”

“ಸರಿ. ಬಟ್ಟೇನೇ ಕೇಳೋಣ.”

ಪತ್ತೇದಾರ ಉಡುಪನ್ನು ಒಳಮಗ್ಗುಲಿಗೆ ತಿರುವಿ ಕಿಟಕಿಯ ಬೆಳಕಿಗೆ ಹಿಡಿದ. ಈಗಿನ ಹೊಲಿಗೆ ಬಟ್ಟೆಯ ಅಂಚಿಗೆ ತೀರ ಹತ್ತಿರದಲ್ಲಿತ್ತು. ಅದರಿಂದ ಒಂದು ಬೆರಳಿನಷ್ಟು ಒಳಗೆ, ಇರುವೆಗಳು ನಡೆದುಹೋದ ಜಾಡಿನಂತೆ, ಸೂಜಿಯ ಹಳೆಯ ತೂತುಗಳ ಸಾಲು. ಆ ಎರಡರ ನಡುವೆ ಇನ್ನೊಂದು ಸಾಲು. ಬಿಸಿಲಿಗೆ ಬಾಡದ ಬಟ್ಟೆ ಅಲ್ಲಿ ಕಡುಕೆಂಪಾಗಿ ಹೊಳೆಯಿತು.

“ವಾರವಾರ ಬಿಚ್ಚಿಸಿದೀರ,” ಎಂದ. “ಸಣ್ಣ ಆಗಿದ್ದು ಅತ್ತಿಗೆ ಅಲ್ಲ, ಇದರ ಒಳಂಚು. ಪಾಪ, ಇವರೆಲ್ಲ ಹನಿ ಕುಡಿಯೋದು, ಬಟ್ಟೆ ದಪ್ಪ ಆಗೋದು!”

ತೂಕದಮ್ಮ ನಾಚಲೂ ಇಲ್ಲ, ನಡುಗಲೂ ಇಲ್ಲ. “ಏನೀಗ? ಉತ್ಸಾಹ ಬರಲಿ ಅಂತ ಚೂರು ಬಿಚ್ಚಿಸ್ತೀನಿ. ನಿಮ್ಮ ಡಾಕ್ಟರು ಏನು ಮಾಡ್ತಾರೆ? ನಡೀರಿ, ತರಕಾರಿ ತಿನ್ನಿ, ವರ್ಷಗಟ್ಟಲೆ ಕಾಯಿರಿ ಅಂತಾರೆ. ಯಾರು ಕಾಯ್ತಾರೆ ಸರ್? ಇಲ್ಲಿ ಬಂದವರು ನಗ್ತಾ ಹೋಗ್ತಾರೆ.”

“ಒಬ್ಬರು ನಗ್ತಾ ಹೋದವರು ಆಸ್ಪತ್ರೇಲಿ ಸಾಯ್ತಾ ಇದಾರೆ!”

“ಹನಿಯಿಂದ ಅಲ್ಲ. ಅದು ಬೇರುನಾರಿನ ರಸ. ಮಗುವಿಗೂ ಕೊಡಬಹುದು.”

“ಭೇಷ್.” ಪತ್ತೇದಾರ ಮೇಜಿನ ಮೇಲಿದ್ದ ನೀಲಿ ಸೀಸೆಯೊಂದನ್ನು ಬಿರಡೆ ತೆಗೆದು ಆಕೆಯ ಮುಂದೆ ಇಟ್ಟ. “ನೀವು ಮಗು ಅಂತಲೇ ಇಟ್ಕೊಳ್ಳೋಣ. ನನ್ನೆದುರಿಗೆ ಕುಡೀರಿ.”

ತೂಕದಮ್ಮ ಸೀಸೆಯನ್ನು ನೋಡಿದಳು. ಅವನನ್ನು ನೋಡಿದಳು. ಕೈ ಚಾಚಿ ಬಿರಡೆಯನ್ನು ಮತ್ತೆ ಮುಚ್ಚಿದಳು.

“ನನಗೆ ಅಗತ್ಯ ಇಲ್ಲ. ನಾನು ಸಣ್ಣ ಇದೀನಿ.”

“ಗೊತ್ತಾಯ್ತು. ಇನ್ನು ಪೊಲೀಸರ ಮುಂದೆ ಹೇಳೋರಂತೆ.”

“ಹೇಳ್ತೀನಿ. ಇನ್ನೂ ಒಂದು ಮಾತು ಹೇಳ್ತೀನಿ.” ಈಗ ಆಕೆಯ ದನಿಯಲ್ಲಿ ಮುಳ್ಳಿತ್ತು. “ಕುಡಿಯೋರಿಗೇ ಇಲ್ಲದ ದೂರು ನಿಮಗ್ಯಾಕೆ? ನಿಮ್ಮ ಅತ್ತಿಗೆ ನಿನ್ನೇನೂ ಸೀಸೆ ತರಿಸ್ಕೊಂಡರು, ಇವತ್ತು ಬೆಳಿಗ್ಗೇನೂ ತರಿಸ್ಕೊಂಡರು. ಆಸ್ಪತ್ರೆಗೇ.”

ಪತ್ತೇದಾರ ಮೇಜಿನ ಮೇಲೆ ಬಾಗಿದ. “ಯಾರ ಕೈಲಿ?”

“ಈ ಉಡುಪುಗಳನ್ನ ಬಿಚ್ಚಿ ಹೊಲಿಯೋಳ ಕೈಲಿ. ಬಟ್ಟೆ ಕೊಡೋಕೆ ಬಂದಿದ್ದಳು, ಪೊಟ್ಟಣ ಕಟ್ಟಿ ಕಳಿಸಿದೆ.”

“ಅವಳ ಹೆಸರು?”

“ಒಳ್ಳೆ ಕೈ ಅವಳದು. ಹೆಸರು ಹೇಳಿ ಅನ್ನ ಕಸೀಲಾರೆ.”

ಪತ್ತೇದಾರನ ಹೆಬ್ಬೆರಳು ಹೊಸ ಹೊಲಿಗೆಯ ಉದ್ದಕ್ಕೂ ಜಾರುತ್ತ ಹೋಗಿ ಅದರ ಕೊನೆಯಲ್ಲಿ ಏನನ್ನೋ ತಾಕಿ ನಿಂತಿತು. ಎಳ್ಳುಕಾಳಿನಷ್ಟು ಸಣ್ಣದು. ಬಗ್ಗಿ ನೋಡಿದ. ದಾರ ಒಮ್ಮೆ ಹಿಂದಕ್ಕೆ ಬಂದಿತ್ತು. ಅದರ ಮೇಲೆ ಅಡ್ಡಕತ್ತರಿಯ ಗಂಟೊಂದು ಕುಳಿತಿತ್ತು.

ಅವನು ಮೆಲ್ಲಗೆ ತನ್ನ ಕೋಟಿನ ಮುಂಭಾಗವನ್ನು ಹೊರಳಿಸಿದ. ಪಕ್ಕೆಯ ಒಳಹೊಲಿಗೆ, ಋತುವಿನಿಂದ ಋತುವಿಗೆ ಒಳಗೊಳಗೆ ಸರಿದ ಸಾಲುಗಳು, ಪ್ರತಿ ಸಾಲಿನ ತುದಿಗೂ ಅದೇ ಗಂಟು. ಅವನ ಮೈಮೇಲೆ ಆ ಕೈ ಸತ್ಯವನ್ನು ಹೊಲಿದಿತ್ತು. ಈ ಕೋಣೆಯಲ್ಲಿ ಅದೇ ಕೈ ಸುಳ್ಳನ್ನು ಬಿಚ್ಚಿತ್ತು.

ತೂಕದಮ್ಮ ಕೋಟನ್ನೂ ಉಡುಪನ್ನೂ ನೋಡಿದಳು. ಅರ್ಥವಾಗಲು ಆಕೆಗೆ ತಡವಾಗಲಿಲ್ಲ.

“ಓಹೋ,” ಎಂದಳು. “ಇಷ್ಟಕ್ಕೆ ಇಷ್ಟು ದೂರ ಬಂದ್ರಾ ಸರ್? ಮನೇಲೇ ಕೇಳಿದ್ರೆ ಆಗ್ತಿತ್ತು.”

ಅವನು ಉಡುಪನ್ನು ಹಿಡಿದುಕೊಂಡೇ ಮೆಟ್ಟಿಲಿಳಿದ. ಹೆಂಡತಿಯ ಫೋನು ಸ್ವಿಚ್ ಆಫ್ ಆಗಿತ್ತು. ಆಸ್ಪತ್ರೆಯ ನಂಬರಿನಲ್ಲಿ ಯಂತ್ರದ ಹೆಣ್ಣುದನಿಯೊಂದು ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಸಂಗೀತದ ನಡುವೆ ಭರವಸೆ ಕೊಡುತ್ತಿತ್ತು. ಹಲ್ಲುಕಚ್ಚಿ ಅಣ್ಣನಿಗೆ ಮಾಡಿದ.

“ಅಣ್ಣ, ಅತ್ತಿಗೆ ಹತ್ರ ಯಾರಿದಾರೆ?”

“ನಾನು ಅಂಗಡಿ ಬಾಗಿಲು ತೆಗೆಯೋಕೆ ಬಂದೆ ಕಣೋ. ನಿನ್ನ ಹೆಂಡತಿ ಇದಾಳಲ್ಲ, ಯೋಚನೆ ಯಾಕೆ? ನಿನ್ನೆಯಿಂದ ಅವಳೇ ಸೂಪು ಕುಡಿಸ್ತಿರೋದು. ಬೇರೆ ಯಾರ ಕೈಲೂ ಕುಡಿಯಲ್ಲ ಅಂತಾಳೆ ನಿನ್ನ ಅತ್ತಿಗೆ.”

ಪತ್ತೇದಾರ ಓಡಿದ. ಹಣ್ಣಿನ ಗಾಡಿಗಳ ಸಂದಿನಲ್ಲಿ, ಶಾಲೆಯ ಗೋಡೆಯ ಬದಿಯಲ್ಲಿ, ಸಿಗ್ನಲಿನಲ್ಲಿ ನಿಂತ ಬಸ್ಸುಗಳ ಮೂತಿಯ ಮುಂದೆ ಓಡಿದ. ಉಸಿರು ಎದ್ದಿತು, ಆದರೆ ಕಟ್ಟಲಿಲ್ಲ. ಹೋದ ವರ್ಷವಾಗಿದ್ದರೆ ಮೊದಲ ತಿರುವಿನಲ್ಲೇ ಕೂತುಬಿಡುತ್ತಿದ್ದ. ಈ ಉಸಿರನ್ನು ಕೊಟ್ಟವಳು, ರಾತ್ರಿಯ ಊಟದ ಮೇಲೆ ಗೊಣಗುವ ಗಂಡನ ಕೈಹಿಡಿದು ಬೀದಿಯ ಕೊನೆಯವರೆಗೂ ನಡೆಸಿದವಳು, ಆ ಹಾಸಿಗೆಯ ಪಕ್ಕದಲ್ಲಿ ಈಗ ಫ್ಲಾಸ್ಕಿನೊಡನೆ ಕುಳಿತಿದ್ದಳು. ಯಾಕೆ? ಎಂಬ ಒಂದೇ ಪದ ಹೆಜ್ಜೆಹೆಜ್ಜೆಗೂ ಅವನ ಎದೆಗೆ ಬಡಿಯುತ್ತಿತ್ತು.

ಅವನು ಬಾಗಿಲು ತಳ್ಳಿದಾಗ ಹೆಂಡತಿ ಫ್ಲಾಸ್ಕಿನಿಂದ ದೊಡ್ಡ ಲೋಟಕ್ಕೆ ಸೂಪು ಬಗ್ಗಿಸುತ್ತಿದ್ದಳು. ಅತ್ತಿಗೆಯ ಬಳಲಿದ ಕೈ ಆಗಲೇ ಚಾಚಿತ್ತು.

“ಆ ಲೋಟ ಕೆಳಗಿಡು!”

ಇಬ್ಬರೂ ಬೆಚ್ಚಿದರು. ಹೆಂಡತಿಯ ದೃಷ್ಟಿ ಮೊದಲು ಗಂಡನ ಮುಖದ ಮೇಲೆ, ಆಮೇಲೆ ಅವನ ಕೈಯಲ್ಲಿ ಒಳಮಗ್ಗುಲಾಗಿ ಜೋತಾಡುತ್ತಿದ್ದ ಕೆಂಪು ಉಡುಪಿನ ಮೇಲೆ ಬಿತ್ತು. ಆಕೆಯ ಮುಖದ ರಕ್ತವೆಲ್ಲ ಇಳಿಯಿತು.

“ರೀ, ಹೊಲಿಗೆ ವಿಷಯ ನಾನು ಹೇಳ್ತೀನಿ. ತೂಕದಮ್ಮನೇ ಕೇಳ್ಕೊಂಡಿದ್ದು, ಅಕ್ಕನ ಮನಸ್ಸಿಗೆ—”

“ಹೊಲಿಗೆ ಹಾಳಾಗಲಿ. ಲೋಟದಲ್ಲಿ ಏನಿದೆ?”

“ಸೂಪು.”

“ಮತ್ತೇನು?”

“ಮತ್ತೇನಾ?” ಆಕೆಯ ದನಿ ಒಡೆಯಿತು. “ಇಷ್ಟು ವರ್ಷ ನನ್ನ ಕೈಯಡುಗೆ ಉಂಡು, ಮತ್ತೇನು ಅಂತ ಕೇಳ್ತೀರಾ?”

ಪತ್ತೇದಾರ ಬಾಯಿ ತೆರೆಯುವಷ್ಟರಲ್ಲಿ ಆಕೆ ಲೋಟವೆತ್ತಿ ಒಂದೇ ಗುಟುಕಿಗೆಂಬಂತೆ ಬರಿದು ಮಾಡಿ, ಸ್ಟೂಲಿನ ಮೇಲೆ ಬೋರಲು ಹಾಕಿದಳು.

ತೂಕದಮ್ಮ ಮುಟ್ಟಲಾರದೆ ಹೋದದ್ದನ್ನು ಇವಳು ಕುಡಿದಿದ್ದಳು. ಪತ್ತೇದಾರನ ಎದೆಯಿಂದ ಕಲ್ಲೊಂದು ಸರಿಯಿತು. ಸರಿದ ಆ ಕ್ಷಣದಲ್ಲೇ ಹಾಸಿಗೆಯಿಂದ ಚೀತ್ಕಾರವೊಂದು ಎದ್ದಿತು.

“ಅಯ್ಯೋ! ಅದನ್ನ ನೀನ್ಯಾಕೆ ಕುಡಿದೆಯೇ!”

ಅತ್ತಿಗೆ ಸೂಜಿ ಚುಚ್ಚಿದ್ದ ಕೈಯನ್ನೂ ಲೆಕ್ಕಿಸದೆ ಎದ್ದು ಕೂರಲು ಹೆಣಗುತ್ತಿದ್ದಳು. “ನೀನು ಲೋಟ ತೊಳೆಯೋಕೆ ಹೋದಾಗ... ಡಾಕ್ಟರು ಹಾಸಿಗೆ ಹುಡುಕಿಸ್ತೀನಿ ಅಂದ್ರಲ್ಲ... ಸಿಕ್ಕಿದ್ರೆ ಕಿತ್ಕೋತಾರೆ, ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಗುತ್ತೆ ಅಂತ... ಇಡೀ ಸೀಸೆ ಆ ಫ್ಲಾಸ್ಕಿಗೇ ಸುರಿದುಬಿಟ್ಟಿದ್ದೆ. ಗುಟುಕು ಗುಟುಕಾಗಿ ನಾಳೇವರೆಗೂ ಕುಡಿಯೋಣ ಅಂತ...”

ಹೆಂಡತಿ ಬೋರಲಾದ ಲೋಟವನ್ನು ನೋಡಿದಳು. ಫ್ಲಾಸ್ಕನ್ನು ಎತ್ತಿ ಅಲ್ಲಾಡಿಸಿದಳು. ಒಳಗೆ ತಳದಲ್ಲಿ ಏನೋ ಚೂರು ಮಾತ್ರ ಕುಲುಕಿತು.

“ನಾನು ತಂದ ಸೀಸೇನಾ ಅಕ್ಕಾ?” ಎಂದಳು, ತೀರ ಸಣ್ಣ ದನಿಯಲ್ಲಿ.

ಪತ್ತೇದಾರನ ಮುಂದೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ತಂದವಳಿಗೆ ಅದು ಏನೆಂದು ಗೊತ್ತಿತ್ತೇ, ಗೊತ್ತಿರಲಿಲ್ಲವೇ? ಆದರೆ ಅವನ ಬೆರಳುಗಳು ಅದನ್ನು ಕೇಳದೆ ಆಕೆಯ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿದ್ದವು. ಕೆಂಪು ಉಡುಪು ನೆಲಕ್ಕೆ ಜಾರಿತು. ನಾಡಿಯನ್ನು ಬಿಡದೆಯೇ ಬಾಗಿಲಿನತ್ತ ತಿರುಗಿ, ಇಡೀ ಪಡಸಾಲೆ ನಡುಗುವಂತೆ ವೈದ್ಯೆಯನ್ನು ಕೂಗಿದ.

ಇದನ್ನು ಓದುವವರ, ಓದಿಸಿ ಕೇಳುವವರ, ದೂರ ಕುಳಿತು ಕೇಳಿಸದಂತೆ ನಟಿಸುವವರ ಮನೆಗಳಲ್ಲಿಯೂ ಹಸಿವು ಹೊತ್ತಿಗೆ ಸರಿಯಾಗಿ ಬರಲಿ, ತಟ್ಟೆ ಹಸಿವಿನಷ್ಟೇ ದೊಡ್ಡದಿರಲಿ. ಕಾಲುಗಳಿಗೆ ನಡಿಗೆಯೂ ಕಣ್ಣಿಗೆ ನಿದ್ದೆಯೂ ಒಲಿಯಲಿ. ಒಬ್ಬರ ಕೈಯಿಂದ ಇನ್ನೊಬ್ಬರು ಕುಡಿಯುವ ಲೋಟದಲ್ಲಿ ಎಂದೆಂದಿಗೂ ಅನುಮಾನದ ಹನಿ ಬೀಳದಿರಲಿ. ಎಲ್ಲರಿಗೂ ಒಳಿತಾಗಲಿ.